ಹೊಳೆ ದಾಟಿದ ಜುಟ್ಟಿನ ಹುಂಜ

ನಮ್ಮ ಚಿಕ್ಕಪ್ಪ, ತಾನು ಸಂಶೋಧನೆ ಮಾಡಿದ್ದನ್ನೆಲ್ಲ ಕೊನೆಗೆ ತಿಂದು ಮುಗಿಸಿದ ವಿಜ್ಞಾನಿ! ಇಂಥವರು ಇಡೀ ಕೊಡಗಿನಲ್ಲಿ ಇನ್ನೊಬ್ಬರು ಇದ್ದರೆಂದು ನನಗೆ ಅನ್ನಿಸುವುದಿಲ್ಲ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನನ್ನ ತಲೆ ತಾನೇ ಕಟ್ಟಿಕೊಂಡದ್ದು ಎಂಬುದು ನನಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಅಪ್ಪ ಜುಟ್ಟಿನ ಹುಂಜವೊಂದನ್ನು ಕಂಕುಳಲ್ಲಿ ಇರುಕಿಕೊಂಡು ದೋಣಿ ಹತ್ತಿದ್ದನ್ನು ನಾನು ಕಾವೇರಿಯ ದಡದಲ್ಲಿ ನಿಂತು ನೋಡಿದ್ದೇನೆ. ಅಪ್ಪನ ಕೋಟಿನ ಬಣ್ಣವನ್ನೂ ಹೇಳಬಲ್ಲೆ. ನನ್ನ ಅಕ್ಕ ಮಾತ್ರ, "ಸುಮ್ನಿರೋ, ಆವತ್ತು ನೀನು ಊರಲ್ಲೇ ಇರ್ಲಿಲ್ಲ. ನಾನು ಹೇಳಿದ್ದನ್ನ ಕೇಳಿ ಕೇಳಿ ನಿಂಗೆ ನೋಡಿದ ಹಾಗೆ ಆಗಿದೆ," ಎನ್ನುತ್ತಾಳೆ. ಕಾಲೇಜಿನಲ್ಲಿ ವಿಜ್ಞಾನ ಓದಿದವನಿಗೆ ಇದಕ್ಕಿಂತ ಅವಮಾನ ಬೇಕೆ? ಊರಿನವರೆಲ್ಲರ ಮಾತನ್ನೂ "ಸಾಕ್ಷಿ ಏನು?" ಎಂದು ಕೇಳುತ್ತ ತಿರುಗಿದವನು ಈಗ ನನ್ನ ಕಣ್ಣಿಗೇ ಸಾಕ್ಷಿ ಕೇಳಬೇಕಾಗಿದೆ.

ಇರಲಿ. ಬ್ರಿಟಿಷರ ಕಾಲದ ಮಾತು. ನಮ್ಮ ಮನೆ ಇದ್ದದ್ದು ನೆಲ್ಯಹುದಿಕೇರಿಯ ಹತ್ತಿರ, ಹೊಳೆಯ ಈಚೆ ದಡದಲ್ಲಿ. ಅಪ್ಪನಿಗೆ ತಮ್ಮನಾದ ಈ ಚಿಕ್ಕಪ್ಪ ಮದ್ರಾಸಿಗೆ ಹೋಗಿ ಬಿ.ಎ. ಓದಲು ಕುಳಿತು, ಯಾಕೋ ಅರ್ಧಕ್ಕೇ ಎದ್ದು ಬಂದು, ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ "ಪುರುಸೊತ್ತಿಲ್ಲ" ಎನ್ನುತ್ತಿದ್ದ. ಪುರುಸೊತ್ತಿಲ್ಲದ ಈ ಮಹಾನುಭಾವ ಬಿಡುವಾದಾಗಲೆಲ್ಲ ಮಾಡುತ್ತಿದ್ದ ಕೆಲಸವೇನು ಗೊತ್ತೆ? ಜಗಲಿಯಲ್ಲಿ ಕುಳಿತು ಒಬ್ಬನೇ ಚೆನ್ನೆಮಣೆ ಆಡುವುದು!

ಚೆನ್ನೆಮಣೆ ನಿಮಗೂ ಗೊತ್ತಿರಬೇಕು. ಎರಡು ಸಾಲು ಗುಳಿಗಳಿರುವ ಮರದ ಹಲಗೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ಹೆಂಗಸರು ಮಕ್ಕಳು ಕಾಳು ಹಂಚಿ ಆಡುವ ಆಟ. ಚಿಕ್ಕಪ್ಪ ಆಡುತ್ತಿದ್ದ ಆಟ ಬೇರೆ. ಮೇಲಿನ ಸಾಲು ಅವನಿಗೆ ಒಂದು ಊರು, ಕೆಳಗಿನದು ಇನ್ನೊಂದು ಊರು. ಎರಡರ ಮೊದಲ ಗುಳಿಯಲ್ಲೂ ಕೆಂಪು ಅಲಸಂದೆ, ಬಿಳಿ ಅಲಸಂದೆ ಸಮಸಮ. ಕಣ್ಣು ಮುಚ್ಚಿ ಒಂದು ಕಾಳು ಎತ್ತಬೇಕು. ಯಾವ ಬಣ್ಣ ಬಂತೋ ಅದೇ ಬಣ್ಣದ ಹೊಸ ಕಾಳೊಂದನ್ನು ಪಕ್ಕದ ಗುಳಿಗೆ ಹಾಕಿ, ಎತ್ತಿದ್ದನ್ನು ವಾಪಸು ಇಡಬೇಕು. ಹೀಗೆ ಪಕ್ಕದ ಗುಳಿ ತುಂಬಿದರೆ ಒಂದು ತಲೆಮಾರು ಮುಗಿಯಿತು. ಆಮೇಲೆ ಆ ಗುಳಿಯಿಂದ ಮುಂದಿನ ಗುಳಿಗೆ. ಸಾಲಿನ ಕೊನೆಗೆ ಬಂದರೆ ಮೊದಲ ಗುಳಿ ಬರಿದು ಮಾಡಿ ಮತ್ತೆ ಅದಕ್ಕೆ. ಹೀಗೆ ಆಡುತ್ತ ಹೋದರೆ ಒಂದು ಊರಿನಲ್ಲಿ ಕೆಂಪು ಹೆಚ್ಚುತ್ತ ಹೆಚ್ಚುತ್ತ ಬಿಳಿ ಅಳಿದುಹೋಗುತ್ತಿತ್ತು. ಇನ್ನೊಂದರಲ್ಲಿ ಬಿಳಿಯೇ ಉಳಿಯುವುದೂ ಉಂಟು. ಯಾವ ಕಾಳೂ ಮೇಲಲ್ಲ, ಯಾವುದೂ ಕೀಳಲ್ಲ. ಕೈಗೆ ಬಂದದ್ದು ಬಂತು, ಅಷ್ಟೇ!

ಒಂದು ದಿನ ಆಟ ರಂಗೇರಿ, ಚಿಕ್ಕಪ್ಪ ತೊಡೆ ತಟ್ಟಿಕೊಂಡು, "ಬಿಳಿಯರು ನಿರ್ನಾಮ! ಒಬ್ಬನೂ ಉಳಿದಿಲ್ಲ!" ಎಂದು ಕೂಗಿದ. ಅದೇ ಹೊತ್ತಿಗೆ ಗೇಟಿನ ಮುಂದೆ ಪೋಲೀಸಿನವನೊಬ್ಬ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಅವನು ನಿಂತ. ಚಿಕ್ಕಪ್ಪ ಅವನನ್ನು ಒಳಗೆ ಕರೆದು, ಕಾಫಿ ಕೊಟ್ಟು, ತಲೆಮಾರಿನ ಲೆಕ್ಕವನ್ನೆಲ್ಲ ಮೊದಲಿನಿಂದ ವಿವರಿಸಿದ. ಪಾಪ, ಆ ಪೋಲೀಸಿನವನು ಮತ್ತೆಂದೂ ನಮ್ಮ ಗೇಟಿನ ಮುಂದೆ ಹಾಯಲಿಲ್ಲ. ಗದ್ದೆಯ ಬದುವಿನ ಮೇಲೆ ಸೈಕಲ್ ಹೊತ್ತುಕೊಂಡು ಹೋಗುತ್ತಿದ್ದ!

ಚಿಕ್ಕಪ್ಪನ ಕುತೂಹಲ ಅಷ್ಟಕ್ಕೆ ನಿಲ್ಲಲಿಲ್ಲ. ಪ್ರತಿ ತಲೆಮಾರಿಗೂ ಮೇಲಿನ ಊರಿನಿಂದ ಒಂದೇ ಒಂದು ಕಾಳನ್ನು ಕೆಳಗಿನ ಊರಿಗೂ, ಅಲ್ಲಿಂದ ಒಂದನ್ನು ಇಲ್ಲಿಗೂ ಕಳಿಸಿದರೆ ಏನಾಗುತ್ತದೆ? ಆಡಿ ನೋಡಿದ. ಎರಡೂ ಊರುಗಳು ಅತ್ತಿತ್ತ ಜೋಲಿ ಹೊಡೆದವೇ ಹೊರತು ಪೂರ್ತಿ ಬೇರೆಯಾಗಿ ನಿಲ್ಲಲಿಲ್ಲ. "ಒಂದೇ ಸಾಕು ಕಣೋ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ. "ಗುಳಿ ದೊಡ್ಡದಿರಲಿ, ಸಣ್ಣದಿರಲಿ, ತಲೆಮಾರಿಗೆ ಒಂದು ಹೋಗಿ ಒಂದು ಬಂದರೆ ಸಾಕು!" ನಾನು ಆಗ ಮದ್ರಾಸಿನಲ್ಲಿ ಬಿ.ಎಸ್ಸಿ. ಓದುತ್ತಿದ್ದವನು, ಬಿಟ್ಟೇನೆಯೆ? "ಚಿಕ್ಕಪ್ಪ, ದೊಡ್ಡ ಊರಿಗೆ ಹೆಚ್ಚು ಜನ ಹೋಗಬೇಕಲ್ಲ, ಒಂದು ಹೇಗೆ ಸಾಕು?" ಎಂದೆ. "ನಾಳೆ ದೊಡ್ಡ ಪಾತ್ರೆಯಲ್ಲಿ ಆಡಿ ತೋರಿಸ್ತೀನಿ," ಎಂದು ಎರಡು ಪಾತ್ರೆಗಳಲ್ಲಿ ಕಾಳು ತುಂಬಿಟ್ಟು ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಎರಡನ್ನೂ ನೆನೆಹಾಕಿ, ಬೇಯಿಸಿ, ಸಾರು ಮಾಡಿ ಇಳಿಸಿದ್ದಳು.

"ಅತ್ತಿಗೆ, ನೀವು ಎರಡು ಊರುಗಳನ್ನ ಒಟ್ಟಿಗೆ ಬೇಯಿಸಿಬಿಟ್ರಲ್ಲ!"

"ಊರು ಗೀರು ನಂಗೊತ್ತಿಲ್ಲ. ರೊಟ್ಟಿ ಬಿಸಿ ಇದೆ, ಬಾ," ಎಂದಳು ಅಮ್ಮ.

ಚಿಕ್ಕಪ್ಪ ಎರಡು ಸಲ ಬಡಿಸಿಕೊಂಡು ತಿಂದ.

ಇನ್ನು ನಮ್ಮ ಮನೆಯ ನಿಜವಾದ ಎರಡು ಗುಳಿಗಳ ಕಥೆ. ಅಪ್ಪನಿಗೆ ಒಬ್ಬಳೇ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಅವಳನ್ನು ಕೊಟ್ಟದ್ದು ಹೊಳೆಯ ಆಚೆ ದಡಕ್ಕೆ. ನಮ್ಮ ಅಂಗಳದಿಂದ ನೋಡಿದರೆ ಅತ್ತೆಯ ಮನೆಯ ಹೊಗೆ ಕಾಣುತ್ತಿತ್ತು. ಆದರೆ ಎರಡು ಮನೆಗಳ ನಡುವೆ ಹೋಗಿ ಬರುವುದು ನಿಂತು ವರ್ಷಗಳಾಗಿದ್ದವು. ಕಾರಣ? ಆಚೆ ಮನೆಯ ಒಂದು ಮದುವೆಯೂಟದಲ್ಲಿ ಹಂದಿಕರಿಯನ್ನು ಅಪ್ಪನ ಎಲೆಗೆ ಬಡಿಸುವ ಮೊದಲು ಇನ್ಯಾರದೋ ಎಲೆಗೆ ಬಡಿಸಿದರು. ಅಪ್ಪನೋ ಹೆಣ್ಣು ಕೊಟ್ಟ ಮನೆಯ ಹಿರಿಯ! ಎಲೆ ಮುಂದಿನಿಂದ ಎದ್ದ. ಅತ್ತೆಯ ಗಂಡನೂ ಕುಳಿತುಕೊಳ್ಳಿ ಎನ್ನಲಿಲ್ಲ. "ಇನ್ನು ಈ ಹೊಳೆ ದಾಟಿದ್ರೆ ಕೇಳು," ಎಂದು ಅಪ್ಪ ಹೇಳಿ ಬಂದ. ಅತ್ತೆಯ ಗಂಡ, "ಇವಳೂ ದಾಟೋದಿಲ್ಲ," ಎಂದ. ಅತ್ತೆಯನ್ನು ಯಾರೂ ಕೇಳಲಿಲ್ಲ. ಹಬ್ಬ ಹರಿದಿನಗಳಲ್ಲಿ ಅವಳು ಆಚೆಯ ದಡಕ್ಕೆ ಬಂದು ಪಾತ್ರೆ ಬೆಳಗುವ ನೆವದಲ್ಲಿ ನಮ್ಮ ಮನೆಯ ಕಡೆ ನೋಡುತ್ತ ಕೂರುತ್ತಾಳೆಂದು ದೋಣಿಯವನು ಹೇಳುತ್ತಿದ್ದ. ಅಪ್ಪ ಕೇಳಿಸದವನ ಹಾಗೆ ಇರುತ್ತಿದ್ದ.

ಚಿಕ್ಕಪ್ಪನಿಗೆ ಇದರಲ್ಲೂ ವಿಜ್ಞಾನ ಕಂಡಿತು. "ನೋಡು ಅಣ್ಣ, ಮೊದಲು ಎರಡೂ ಮನೆಗಳಲ್ಲಿ ಕಡುಬು ಒಂದೇ ಗಾತ್ರ ಇತ್ತು. ಈಗ ನಮ್ಮದು ನಿಂಬೆಹಣ್ಣಿನಷ್ಟಕ್ಕೆ ಇಳಿದಿದೆ, ಅವರದು ಕಿತ್ತಳೆಯಷ್ಟಾಗಿದೆಯಂತೆ. ಹೋಗಿ ಬರೋದು ನಿಂತ್ರೆ ಹೀಗೇ. ಇನ್ನು ಸ್ವಲ್ಪ ಕಾಲ ಹೋದ್ರೆ ಅವರ ಮಾತು ನಮಗೆ ಅರ್ಥ ಆಗಲ್ಲ!"

"ಈಗಲೂ ಅರ್ಥ ಆಗಲ್ಲ," ಎಂದ ಅಪ್ಪ.

ಆ ಸಮಯಕ್ಕೆ ಸರಿಯಾಗಿ ಎಸ್ಟೇಟಿನ ದೊರೆ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೊರಟ. ದೊರೆಸಾನಿ ಮುದ್ದಿನಿಂದ ಸಾಕಿದ್ದ ಕೋಳಿಗಳನ್ನೂ, ಒಂದು ಹೊರೆ ಹಳೆಯ ವಿಜ್ಞಾನದ ಪತ್ರಿಕೆಗಳನ್ನೂ ಚಿಕ್ಕಪ್ಪನಿಗೆ ಕೊಟ್ಟು ಹೋದಳು. ಅಂಥ ಕೋಳಿಗಳನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ತಲೆಯ ಮೇಲೆ ಪುಕ್ಕದ ದೊಡ್ಡ ಜುಟ್ಟು, ಕಣ್ಣು ಮುಚ್ಚುವಷ್ಟು! ನಡೆದರೆ ಹೈಕೋರ್ಟಿನ ಜಡ್ಜಿಗಳು ನಡೆದ ಹಾಗೆ. ಕಣ್ಣು ಕಾಣದೆ ಕಂಬಕ್ಕೆ ಡಿಕ್ಕಿ ಹೊಡೆದು, ಕಂಬವನ್ನೇ ಬೈಯುತ್ತಿದ್ದವು.

"ಕಾಳು ಸಾಕು. ಇನ್ನು ಜೀವ ಇರೋದರಲ್ಲಿ ನೋಡಬೇಕು," ಎಂದ ಚಿಕ್ಕಪ್ಪ. ಈಚೆ ದಡದಲ್ಲಿ ಜುಟ್ಟಿನ ಕೋಳಿಗಳು, ಆಚೆ ಅತ್ತೆಯ ಮನೆಯಲ್ಲಿ ಬೋಳುತಲೆಯ ನಾಟಿ ಕೋಳಿಗಳು. ಕೋಳಿಗೆ ತಲೆಮಾರೆಂದರೆ ಹೆಚ್ಚು ಕಡಿಮೆ ಒಂದು ವರ್ಷ. ವರ್ಷಕ್ಕೊಂದು ಹುಂಜ ಇಲ್ಲಿಂದ ಅಲ್ಲಿಗೆ, ಒಂದು ಹೇಂಟೆ ಅಲ್ಲಿಂದ ಇಲ್ಲಿಗೆ. ಎರಡು ಹಿಂಡುಗಳೂ ಕ್ರಮೇಣ ಒಂದೇ ಥರ ಆಗುತ್ತವೋ ಇಲ್ಲವೋ ನೋಡಬೇಕು. ಅಪ್ಪ ತಕರಾರು ತೆಗೆದ. ಚಿಕ್ಕಪ್ಪ ಹೇಳಿದ, "ಅಣ್ಣ, ಹೊಳೆ ದಾಟೋದು ಹುಂಜ. ನಾನು ಬರೀ ಅದನ್ನ ಎತ್ತಿಕೊಂಡು ಹೋಗೋ ಆಳು. ನೀನು ಆಣೆ ಇಟ್ಟಾಗ ಕೋಳಿಗಳ ಹೆಸರು ಹೇಳಿದ್ಯಾ?" ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ಹೇಳಿಲ್ಲ," ಎಂದ.

ಹೀಗೆ ಹುತ್ತರಿಯ ಸುಗ್ಗಿಹಬ್ಬ ಕಳೆದು, ಹೊಳೆ ಇಳಿದು, ನನಗೆ ಕ್ರಿಸ್‌ಮಸ್ ರಜೆ ಸಿಕ್ಕಿದ ಕಾಲದಲ್ಲಿ ಮೊದಲ ಹುಂಜ ಹೊರಟಿತು. ನಾನೂ ದೋಣಿ ಕಡವಿನ ತನಕ ಹೋದೆ. ದೋಣಿಯವನು ಮಲಯಾಳಿ ಮುದುಕ, ನಾವೆಲ್ಲ ಕಾಕ ಎಂದು ಕರೆಯುತ್ತಿದ್ದೆವು. ಹುಂಜವನ್ನು ಹಿಂದೆ ಮುಂದೆ ನೋಡಿ, "ಇದೆಂದಾ ಸ್ವಾಮಿ? ತೊಪ್ಪಿ ಹಾಕಿದ ಕೋಳಿಯಾ?" ಎಂದ.

"ಇದು ವಲಸೆಗಾರ, ಕಾಕ."

"ಆಗಲಿ. ಆದ್ರೆ ವಲಸೆಗಾರ ದೋಣೀಲಿ ಹೇಲಿದ್ರೆ ನೀವೇ ತೊಳೀಬೇಕು."

ವಲಸೆಗಾರ ಕಾಕನನ್ನು ನಿರಾಶೆಗೊಳಿಸಲಿಲ್ಲ.

ಸಂಜೆ ಚಿಕ್ಕಪ್ಪ ಮರಳಿದಾಗ ಮುಖ ಬಾಡಿತ್ತು, ಹೊಟ್ಟೆ ಮಾತ್ರ ತುಂಬಿದ ಹಾಗಿತ್ತು. ನಡೆದದ್ದು ಇಷ್ಟು. ನಮ್ಮಲ್ಲಿ ಒಂದು ಕಟ್ಟಳೆ ಉಂಟು: ನೆಂಟ ಕೈಯಲ್ಲಿ ಕೋಳಿ ಹಿಡಿದು ಬಂದರೆ ಅದನ್ನು ಆ ದಿನವೇ ಅಡುಗೆ ಮಾಡಿ ಅವನಿಗೇ ಬಡಿಸಬೇಕು. ಗೂಡಿಗೆ ಸೇರಿಸಿಕೊಂಡು ಸುಮ್ಮನಿದ್ದರೆ, 'ನಿನಗೆ ಊಟ ಹಾಕುವ ಮನಸ್ಸಿಲ್ಲ' ಎಂದು ಮುಖಕ್ಕೆ ಹೇಳಿದಂತೆ. ಮೊದಲೇ ಊಟದ ವಿಷಯದಲ್ಲಿ ಮುರಿದುಬಿದ್ದ ಸಂಬಂಧ! ಅತ್ತೆಯ ಗಂಡ ಈ ಸಲ ಯಾವ ತಪ್ಪಿಗೂ ಎಡೆಗೊಡಬಾರದೆಂದು, ಚಿಕ್ಕಪ್ಪ ಎಷ್ಟು ಬೇಡಿಕೊಂಡರೂ ಕೇಳದೆ, "ಒಳಗೆ ಕೊಡು," ಎಂದು ಹೆಂಡತಿಗೆ ಹೇಳಿದ. ಅತ್ತೆ ಹುಂಜವನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮಧ್ಯಾಹ್ನಕ್ಕೆ ಕಡುಬಿನ ಜೊತೆ ಕೋಳಿಸಾರು ಬಂತು.

"ಅಯ್ಯೋ, ಪ್ರಯೋಗ ಹಾಳಾಯ್ತು," ಎಂದು ಚಿಕ್ಕಪ್ಪ ಜಗಲಿಯ ಮೇಲೆ ಕುಳಿತ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಎಲೆಯಡಿಕೆ ಹಾಕಿಕೊಳ್ಳುತ್ತ, ಹೊಳೆಯ ಕಡೆ ನೋಡುತ್ತ, "ಸಾರು ಹೇಗಿತ್ತು?" ಎಂದು ಕೇಳಿದ.

"ಉಪ್ಪು ಸ್ವಲ್ಪ ಕಮ್ಮಿ."

"ಅವಳು ಮೊದ್ಲಿಂದಾನೂ ಹಾಗೇ," ಎಂದ ಅಪ್ಪ. ಅಷ್ಟು ವರ್ಷಗಳಲ್ಲಿ ಅಪ್ಪನ ಬಾಯಲ್ಲಿ ಅತ್ತೆಯ ಸುದ್ದಿ ಬಂದದ್ದು ಅದೇ ಮೊದಲು.

ಅತ್ತೆ ಬರಿಗೈಯಲ್ಲಿ ಕಳಿಸಿರಲಿಲ್ಲ, ಒಂದು ನಾಟಿ ಹೇಂಟೆ ಕೊಟ್ಟಿದ್ದಳು. ನಮ್ಮ ಮನೆಯಲ್ಲೂ ಅದೇ ಕಟ್ಟಳೆಯಲ್ಲವೆ, ಅಮ್ಮ ಕತ್ತಿ ತೆಗೆದಳು. ಅಪ್ಪ ಗುಡುಗಿದ: "ಆ ಮನೆಯ ಕೋಳಿ ನನ್ನ ಒಲೆ ಮೇಲೆ ಏರಬಾರದು!" ಹೀಗೆ ಅಪ್ಪನ ಸಿಟ್ಟಿನಿಂದ ಒಂದು ಜೀವ ಉಳಿಯಿತು. ಆಚೆ ದಡದಲ್ಲಿ ಮರ್ಯಾದೆಗಾಗಿ ವಲಸೆಗಾರನನ್ನು ಕೊಯ್ಯುತ್ತಾರೆ, ಈಚೆ ದಡದಲ್ಲಿ ದ್ವೇಷಕ್ಕಾಗಿ ಸಾಕುತ್ತಾರೆ! ಇಂಥ ಎರಡು ಮನೆಗಳನ್ನು ಇಟ್ಟುಕೊಂಡು ಜಗತ್ತಿನ ಯಾವ ಪಂಡಿತ ತಾನೇ ಸಿದ್ಧಾಂತ ಕಟ್ಟಿಯಾನು?

ಚಿಕ್ಕಪ್ಪ ಸೋಲಲಿಲ್ಲ. ಮರುವರ್ಷ ಮತ್ತೊಂದು ಹುಂಜ. ಮತ್ತೆ ಸಾರು. ಅದರ ಮರುವರ್ಷವೂ ಹಾಗೇ. ಪ್ರತಿ ಸಲವೂ "ಪ್ರಯೋಗ ಹಾಳಾಯ್ತು," ಪ್ರತಿ ಸಲವೂ ಅಪ್ಪನ "ಸಾರು ಹೇಗಿತ್ತು?" ನಮ್ಮ ಹಿಂಡಿನಲ್ಲಿ ಬೋಳುತಲೆಯ ಮರಿಗಳು ಹುಟ್ಟತೊಡಗಿದವು, ಆಚೆ ಹೋದ ಜುಟ್ಟುಗಳೆಲ್ಲ ಹೊಟ್ಟೆಗೆ ಹೋದವೆಂದು ಊರೇ ಆಡಿಕೊಂಡಿತು. ಅತ್ತೆಯೂ ಅಷ್ಟೇ. "ಏನು ಮಾಡ್ಲೋ, ಇವರು ಬಿಡೋದಿಲ್ಲ. ಬರೋ ವರ್ಷ ಇನ್ನೊಂದು ತಗೊಂಡು ಬಾ, ನೋಡೋಣ," ಎಂದು ತಮ್ಮನನ್ನು ದೋಣಿ ಹತ್ತಿಸುತ್ತಿದ್ದಳಂತೆ.

ಒಂದು ಸಲ ನನ್ನ ಸಂಶಯದ ಬುದ್ಧಿ ತಡೆಯಲಿಲ್ಲ. "ಚಿಕ್ಕಪ್ಪ, ನೀನು ತಿಂದದ್ದು ನೀನು ಕೊಟ್ಟ ಹುಂಜವೇ ಅಂತ ಹೇಗೆ ಹೇಳ್ತೀ? ಸಾಕ್ಷಿ ಏನು?"

ಅವನು ನನ್ನನ್ನು ಒಂದು ಥರ ನೋಡಿದ. "ಸಾರಿನಲ್ಲಿ ಜುಟ್ಟು ತೇಲ್ತಾ ಇರುತ್ತೇನೋ ಪೆದ್ದ?" ಎಂದ.

"ಹಿತ್ತಲಿಗೆ ಹೋಗಿ ಗೂಡು ನೋಡಬಹುದಲ್ಲ?"

"ನೆಂಟರ ಮನೇಲಿ ಹಿತ್ತಲು ಇಣುಕಬಾರದು. ನಿಮ್ಮ ಕಾಲೇಜಲ್ಲಿ ಅದನ್ನ ಹೇಳಿಕೊಡಲ್ವಾ?" ಎಂದು ಎದ್ದು ಹೋದ. ಎಲ್ಲದಕ್ಕೂ ಕಣ್ಣರಳಿಸಿ ಇಣುಕುವ ಮನುಷ್ಯ ಆ ಒಂದು ಗೂಡನ್ನು ಮಾತ್ರ ನೋಡಲಿಲ್ಲ. ಆಗ ನನಗೆ ಇದು ವಿಚಿತ್ರ ಎನ್ನಿಸಲಿಲ್ಲ; ಅವನ ವಿಜ್ಞಾನವೇ ಅಷ್ಟು ಎಂದುಕೊಂಡೆ.

ಆಮೇಲೆ ಬಂತು ಆ ವರ್ಷ. ಚಿಕ್ಕಪ್ಪ ಕಿತ್ತಳೆ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಯಾಕೆ ಹತ್ತಿದ್ದ ಎಂದು ಕೇಳಬೇಡಿ. ಒಂದೇ ಮರದ ಎರಡು ಕೊಂಬೆಗಳ ಹಣ್ಣಿನಲ್ಲಿ ರುಚಿ ವ್ಯತ್ಯಾಸವಿದೆಯೇ ಎಂದು ತಿಂದು ನೋಡಲು! ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಜಗಲಿಯಲ್ಲಿ ಮಲಗಿದ್ದವನಿಗೆ ನೋವಿಗಿಂತ ಹುಂಜದ ಚಿಂತೆ. ಅದೇ ಹೊತ್ತಿಗೆ ಕಾಕ ಸುದ್ದಿ ತಂದ: ಆಚೆ ಮನೆಯ ಅಮ್ಮನಿಗೆ ಹುತ್ತರಿಯಿಂದ ಮೈ ಸರಿಯಿಲ್ಲ, ದಡಕ್ಕೆ ಬರುವುದನ್ನೂ ಬಿಟ್ಟಿದ್ದಾಳೆ.

ಚಿಕ್ಕಪ್ಪ ಸೂರು ನೋಡುತ್ತ, "ಒಂದು ತಲೆಮಾರು ತಪ್ಪಿತು ಅಂದ್ರೆ ಎಲ್ಲ ಕೆಟ್ಟ ಹಾಗೆ, ಅಣ್ಣ," ಎಂದ.

ಅಪ್ಪ ಎಲೆಯಡಿಕೆ ಉಗಿದು ಬಂದ. ಒಳಗೆ ಹೋಗಿ ಕಪ್ಪು ಕೋಟು ಹಾಕಿಕೊಂಡ. (ಕಪ್ಪೇ. ಅಕ್ಕ ಕಂದು ಎನ್ನುತ್ತಾಳೆ.) ಗೂಡಿನಿಂದ ಇದ್ದದ್ದರಲ್ಲಿ ದೊಡ್ಡ ಜುಟ್ಟಿನ ಹುಂಜವನ್ನು ಹಿಡಿದು ಕಂಕುಳಲ್ಲಿ ಇರುಕಿಕೊಂಡ. ಅಮ್ಮ ಬಾಗಿಲಲ್ಲಿ ನಿಂತು, "ಎಲ್ಲಿಗೆ?" ಎಂದಳು.

"ಈ ಹುಚ್ಚನ ವಿಜ್ಞಾನ ಹಾಳಾಗಬಾರದಲ್ಲ," ಎಂದು ಬೈಯುತ್ತ ಅಪ್ಪ ಗದ್ದೆ ಇಳಿದು ಹೊಳೆಯ ಕಡೆ ನಡೆದ. ಕಾಕ ಏನೂ ತಮಾಷೆ ಮಾಡಲಿಲ್ಲ. ದೋಣಿ ಒರೆಸಿ, ಅಪ್ಪನಿಗೆ ಕೂರಲು ಜಾಗ ಮಾಡಿಕೊಟ್ಟ. ನಡುಹೊಳೆಯಲ್ಲಿ ಹುಂಜ ಒಂದು ಸಲ ಕೂಗಿತು. ಅದು ನನಗೆ ಈಗಲೂ ಕೇಳಿಸುತ್ತದೆ, ನಾನು ಆ ದಿನ ಅಲ್ಲಿ ಇದ್ದೆನೋ ಇಲ್ಲವೋ!

ಅಪ್ಪ ಮರಳುವಾಗ ಕತ್ತಲಾಗಿತ್ತು. ಆಚೆ ದಡದಲ್ಲಿ ಏನಾಯಿತು, ಯಾರು ಮೊದಲು ಮಾತಾಡಿದರು, ಯಾವುದನ್ನೂ ಅವನು ಹೇಳಲಿಲ್ಲ. ಚಿಕ್ಕಪ್ಪನ ಹಾಸಿಗೆಯ ಪಕ್ಕದಲ್ಲಿ ಕುಳಿತ. ಈ ಸಲ ಪ್ರಶ್ನೆ ಕೇಳುವ ಸರದಿ ಚಿಕ್ಕಪ್ಪನದು.

"ಸಾರು ಹೇಗಿತ್ತು, ಅಣ್ಣ?"

"ಉಪ್ಪು ಸರಿಯಾಗೇ ಇತ್ತು," ಎಂದ ಅಪ್ಪ. ಕೋಟಿನ ಗುಂಡಿ ಬಿಚ್ಚುತ್ತ, "ಮೊದಲು ನನ್ನ ಎಲೆಗೇ ಬಡಿಸಿದ್ರು," ಎಂದ.

ಅತ್ತೆ ಚೇತರಿಸಿಕೊಂಡಳು. ಮುಂದಿನ ಹುತ್ತರಿಗೆ ಕಾಕನ ದೋಣಿಯಲ್ಲಿ ಗಂಡನ ಜೊತೆ ಕುಳಿತು ತವರಿಗೆ ಬಂದಳು. ಅಮ್ಮ ಮಾಡಿದ ಕಡುಬು ನೋಡಿ, "ಇದೇನತ್ತಿಗೆ, ಗೋಲಿ ಆಡೋಕಾ?" ಎಂದು ಛೇಡಿಸಿದಳು. ಆಮೇಲೆ ಚಿಕ್ಕಪ್ಪ ಹುಂಜ ಹೊತ್ತುಕೊಂಡು ಹೊಳೆ ದಾಟುವುದನ್ನು ನಿಲ್ಲಿಸಿಬಿಟ್ಟ. ಪ್ರಯೋಗ ಏನಾಯಿತು ಎಂದು ನಾನು ಕೇಳಿದರೆ, "ಪುರುಸೊತ್ತಿಲ್ಲ," ಎಂದ!

ವರ್ಷಗಳ ನಂತರ, ಮೇಷ್ಟರಾಗಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಕಾಗದ ಪೆನ್ಸಿಲು ಹಿಡಿದು ಅವನ ಮಾತನ್ನು ಲೆಕ್ಕ ಹಾಕಲು ಕುಳಿತೆ. ದೊಡ್ಡ ಊರು ನಿಧಾನವಾಗಿ ಬೇರೆಯಾಗುತ್ತದೆ, ಆದ್ದರಿಂದ ಅದಕ್ಕೂ ಒಂದೇ ಸಾಕು. ಸಣ್ಣ ಊರು ಬೇಗ ಬೇರೆಯಾಗುತ್ತದೆ, ಆದರೆ ಅಲ್ಲಿ ಬಂದ ಒಬ್ಬನ ತೂಕವೇ ಹೆಚ್ಚು. ಎರಡೂ ಒಂದಕ್ಕೊಂದು ಹೊಡೆದುಹೋಗುತ್ತವೆ. ಚಿಕ್ಕಪ್ಪ ಸರಿಯಾಗಿಯೇ ಹೇಳಿದ್ದ. ಹೇಳೋಣವೆಂದರೆ ಅವನು ಇರಲಿಲ್ಲ.

ಅತ್ತೆಯೂ ಹೋದ ಮೇಲೆ ಒಂದು ಸಲ ಆಚೆ ದಡಕ್ಕೆ ಹೋಗಿದ್ದೆ. ಅತ್ತೆಯ ಮಗ, ನನಗೆ ಭಾವ, ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟ. ನಾನು ನೆಂಟರ ಮನೆಯ ನಿಯಮ ಮುರಿದು, "ಭಾವ, ಹಿತ್ತಲು ನೋಡಬಹುದಾ?" ಎಂದೆ. ಅವನು ನಗುತ್ತ ಕರೆದುಕೊಂಡು ಹೋದ.

"ಇವುಗಳನ್ನ ಮಾತ್ರ ಅಮ್ಮ ಮುಟ್ಟೋಕೆ ಬಿಡ್ತಿರಲಿಲ್ಲ," ಎಂದ. "ಮಾವ ಬಂದಾಗಲೆಲ್ಲ ನಮ್ಮ ಹುಂಜಾನೇ ಕೊಯ್ದು ಸಾರು ಮಾಡೋಳು. ಅಪ್ಪಂಗೂ ಹೇಳ್ತಿರಲಿಲ್ಲ, ಅವನೂ ಕಂಡರೂ ಕಾಣದ ಹಾಗೆ ಇರ್ತಿದ್ದ. 'ಬದುಕಿದೆ ಅಂತ ಗೊತ್ತಾದ್ರೆ ಬರೋ ವರ್ಷ ಅವನು ಯಾಕೆ ಬರ್ತಾನೆ? ಇವು ತವರಿನವು ಕಣೋ, ಸುಮ್ನಿರು,' ಅನ್ನೋಳು."

ನನ್ನ ನೆನಪಿನಲ್ಲಿ ಉಳಿದ ಮಿಕ್ಕದ್ದನ್ನೆಲ್ಲ ನೀವು ನಂಬದಿದ್ದರೂ ಸರಿ. ಕೋಟು ಕಂದೇ ಇದ್ದಿರಬಹುದು. ಇದೊಂದನ್ನು ಮಾತ್ರ ನಾನು ಕನ್ನಡಕ ಒರೆಸಿಕೊಂಡು, ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕುಳಿತು ನೋಡಿ ಬಂದಿದ್ದೇನೆ: ಅತ್ತೆಯ ಹಿತ್ತಲಿನ ಕೋಳಿಗಳಿಗೆ ಜುಟ್ಟಿತ್ತು.